ಬಿದ್ದು ಗೋಲು ಕಾಯ್ದ ಕ್ಲಿಂಟ್ ಬೆನೆಡಿಕ್ಟ್

ಐಸ್ ಹಾಕಿ ಪಂದ್ಯವನ್ನು ಮೊದಲ ಬಾರಿಗೆ ನೋಡುವವರಿಗೂ ಗೋಲ್‌ಕೀಪರ್ ಯಾರೆಂದು ಹೇಳಿಕೊಡಬೇಕಾಗಿಲ್ಲ. ಮುಖವನ್ನೆಲ್ಲ ಮುಚ್ಚುವ ಮಾಸ್ಕ್ ಧರಿಸಿ, ಪಕ್ ಎಂಬ ರಬ್ಬರಿನ ಬಿಲ್ಲೆ ತನ್ನತ್ತ ಬರುತ್ತಿದ್ದಂತೆ ಮಂಡಿಯೂರಿ, ಎರಡೂ ಕಾಲುಗಳನ್ನು ಇಕ್ಕೆಲಗಳಿಗೆ ಚಾಚಿ ಗೋಲಿನ ತಳಭಾಗವನ್ನು ಮುಚ್ಚುವವನೇ ಆತ. ಈ ಎರಡು ಗುರುತುಗಳೂ ಆಟದ ಹುಟ್ಟಿನೊಂದಿಗೆ ಬಂದವಲ್ಲ. ನೂರಹತ್ತು ವರ್ಷಗಳ ಹಿಂದೆ ಮಾಸ್ಕ್ ಧರಿಸಿದ ಗೋಲ್‌ಕೀಪರ್ ವೃತ್ತಿಪರ ಆಟದಲ್ಲಿ ಒಬ್ಬನೂ ಇರಲಿಲ್ಲ. ಕೆನಡಾದ ಪೂರ್ವ ಭಾಗದ ಪ್ರಮುಖ ಲೀಗಿನಲ್ಲಂತೂ ಮಂಡಿಯೂರಿ ಪಕ್ ತಡೆಯುವುದೇ ನಿಯಮಕ್ಕೆ ವಿರುದ್ಧವಾಗಿತ್ತು. ಮೊದಲು ಆ ನಿಯಮವನ್ನು ಮುರಿದು ಮುರಿದು ಸವೆಸಿದವರೂ, ಅದಾದ ಹನ್ನೆರಡು ವರ್ಷಗಳ ಮೇಲೆ ನ್ಯಾಷನಲ್ ಹಾಕಿ ಲೀಗಿನಲ್ಲಿ ಮೊದಲು ಮಾಸ್ಕ್ ಧರಿಸಿದವರೂ ಒಬ್ಬರೇ. ಅವರು ಒಟ್ಟಾವದ ಕ್ಲಿಂಟ್ ಬೆನೆಡಿಕ್ಟ್. ಮಾಸ್ಕ್‌ನ ಕೀರ್ತಿ 1959ರಲ್ಲಿ ಅದನ್ನು ತೊಟ್ಟ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಜಾಕ್ ಪ್ಲಾಂಟ್ ಅವರ ಪಾಲಾಯಿತು. ಬೆನೆಡಿಕ್ಟ್ ಅವರ ಹೆಸರು ಕೆನಡಾದ ಹೊರಗೆ ಕೇಳಿಬರುವುದು ಅಪರೂಪ.

ಬೆನೆಡಿಕ್ಟ್ ಹುಟ್ಟಿದ್ದು 1892ರ ಸೆಪ್ಟೆಂಬರ್ 26ರಂದು, ಒಟ್ಟಾವದಲ್ಲಿಯೇ. ಅವರ ಬದುಕನ್ನು ಹೇಳಬೇಕಾದರೆ ಆಗಿನ ಆಟ ಹೇಗಿತ್ತೆಂದು ಮೊದಲು ತಿಳಿಯಬೇಕು, ಏಕೆಂದರೆ ಅವರು ಮಾಡಿದ್ದರಲ್ಲಿ ಏನು ಹೊಸದು ಎಂಬುದು ಇಂದಿನ ಆಟವನ್ನಷ್ಟೇ ಕಂಡ ಕಣ್ಣಿಗೆ ಹೊಳೆಯುವುದಿಲ್ಲ.

ಹಾಕಿ ಎಂದರೆ ನಮಗೆ ಹುಲ್ಲಿನ ಅಥವಾ ಟರ್ಫಿನ ಮೇಲಿನ ಹನ್ನೊಂದು ಜನರ ಆಟ. ಐಸ್ ಹಾಕಿಯಲ್ಲಿ ಒಂದೊಂದು ಕಡೆ ಗೋಲ್‌ಕೀಪರ್ ಸೇರಿ ಆರು ಆಟಗಾರರು ಮಂಜಿನ ಅಂಗಣದಲ್ಲಿ ಸ್ಕೇಟ್ ತೊಟ್ಟು ಆಡುತ್ತಾರೆ. ಚೆಂಡಿನ ಬದಲು ಪಕ್ ಇರುತ್ತದೆ. ಅದು 3 ಅಂಗುಲ ಅಗಲ, 1 ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ತೂಕ 156ರಿಂದ 170 ಗ್ರಾಂ, ಅಂದರೆ ಹೆಚ್ಚೂಕಡಿಮೆ ಕ್ರಿಕೆಟ್ ಚೆಂಡಿನಷ್ಟು. ಗೋಲಿನ ಅಗಲ 6 ಅಡಿ, ಎತ್ತರ 4 ಅಡಿ. ನಿಂತ ಮನುಷ್ಯನ ಎದೆಮಟ್ಟಕ್ಕೂ ಬಾರದ ಈ ಚೌಕಟ್ಟನ್ನು ಕಾಯುವವನಿಗೆ ಎತ್ತರದ ಹೊಡೆತಕ್ಕಿಂತ ನೆಲಮಟ್ಟದ ಹೊಡೆತವೇ ಹೆಚ್ಚು ಕಷ್ಟ, ಏಕೆಂದರೆ ಅವನ ಕೈಗಳು ಮೇಲಿವೆ, ಪಕ್ ಕೆಳಗಿದೆ. ಆ ಕಾಲದಲ್ಲಿ ಈ ಕಷ್ಟ ಇನ್ನೂ ಹೆಚ್ಚಾಗಿತ್ತು. ಸ್ಟಿಕ್ಕಿನ ಅಲಗು ನೇರವಾಗಿರುತ್ತಿತ್ತು, ತೋಳನ್ನು ಹಿಂದಕ್ಕೆತ್ತಿ ಬೀಸುವ ಸ್ಲ್ಯಾಪ್ ಶಾಟ್ ಇನ್ನೂ ಬಳಕೆಗೆ ಬಂದಿರಲಿಲ್ಲ, ಆದ್ದರಿಂದ ಪಕ್ ಬಹುಪಾಲು ಮಂಜಿಗೆ ಅಂಟಿಕೊಂಡೇ ಜಾರಿ ಬರುತ್ತಿತ್ತು.

ಹೀಗಿದ್ದೂ ಗೋಲ್‌ಕೀಪರ್ ನಿಂತೇ ಇರಬೇಕೆಂಬುದು ನಿಯಮ. ನ್ಯಾಷನಲ್ ಹಾಕಿ ಅಸೋಸಿಯೇಷನ್ ಎಂಬ ಆಗಿನ ಲೀಗಿನಲ್ಲಿ ಬೇಕೆಂದೇ ಮಂಡಿಯೂರಿದ ಅಥವಾ ಮಲಗಿದ ಗೋಲ್‌ಕೀಪರ್‌ಗೆ 2 ಡಾಲರ್ ದಂಡ ಬೀಳುತ್ತಿತ್ತು, ಪೆನಾಲ್ಟಿಯೂ ಆಗುತ್ತಿತ್ತು. ಅಡ್ಡ ಮಲಗಿ ದಾರಿ ಮುಚ್ಚುವುದು ಆಟಗಾರನಿಗೆ ತಕ್ಕ ರೀತಿಯಲ್ಲ, ಸ್ಟಿಕ್ಕು ಮತ್ತು ಕಾಲಿನ ಚುರುಕಿನಿಂದ ತಡೆಯುವವನೇ ನಿಜವಾದ ಗೋಲ್‌ಕೀಪರ್ ಎಂಬ ನಂಬಿಕೆ ಇದರ ಹಿಂದಿತ್ತು. ಸಲಕರಣೆಗಳೂ ಈ ನಂಬಿಕೆಗೆ ತಕ್ಕಂತೆಯೇ ಇದ್ದವು. ಗೋಲ್‌ಕೀಪರ್‌ಗಳು ಕಾಲಿಗೆ ಕಟ್ಟುತ್ತಿದ್ದ ಪ್ಯಾಡುಗಳ ಮೂಲ ಕ್ರಿಕೆಟ್ ಎಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿಯಾದೀತು. 1896ರ ಫೆಬ್ರವರಿಯಲ್ಲಿ ವಿನ್ನಿಪೆಗ್ ವಿಕ್ಟೋರಿಯಾಸ್ ತಂಡದ ಮೆರಿಟ್ ಎಂಬ ಗೋಲ್‌ಕೀಪರ್ ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪಿನ ಪಂದ್ಯಕ್ಕೆ ಬ್ಯಾಟ್ಸ್‌ಮನ್ನರ ಬಿಳಿಯ ಪ್ಯಾಡುಗಳನ್ನು ಕಟ್ಟಿಕೊಂಡು ಇಳಿದರು, ಆ ಪಂದ್ಯವನ್ನು ಅವರ ತಂಡ ಗೆದ್ದಿತು, ಆಮೇಲೆ ಅದೇ ರೂಢಿಯಾಯಿತು. ಆ ಪ್ಯಾಡು ನಿಂತವನ ಮೊಳಕಾಲನ್ನು ಕಾಯುತ್ತದೆಯೇ ಹೊರತು ಮಂಡಿಯೂರಿದವನಿಗೆ ಅಗಲವಾದ ಗೋಡೆಯನ್ನು ಕಟ್ಟಿಕೊಡುವುದಿಲ್ಲ. ಹ್ಯಾಮಿಲ್ಟನ್ ನಗರದ ಎಮಿಲ್ ಕೆನೆಸ್ಕಿ ಗೋಲ್‌ಕೀಪರ್‌ಗಳಿಗೆಂದೇ ಅಗಲವಾದ ಚರ್ಮದ ಪ್ಯಾಡುಗಳನ್ನು ಹೊಲಿದುಕೊಟ್ಟದ್ದು 1924ರಲ್ಲಿ.

ಬೆನೆಡಿಕ್ಟ್ 1912-13ರ ಋತುವಿನಲ್ಲಿ ಒಟ್ಟಾವ ಸೆನೆಟರ್ಸ್ ತಂಡಕ್ಕೆ ಬಂದಾಗ ಅಲ್ಲಿ ಪರ್ಸಿ ಲೆಸ್ಯೂರ್ ಎಂಬ ಹೆಸರಾಂತ ಗೋಲ್‌ಕೀಪರ್ ಇದ್ದರು. ಒಂದೆರಡು ಋತುಗಳಲ್ಲಿ ಆ ಜಾಗ ಇಪ್ಪತ್ತೆರಡರ ಹರೆಯದ ಬೆನೆಡಿಕ್ಟ್ ಅವರದಾಯಿತು. 1915ರಲ್ಲಿ ತಂಡ ಸ್ಟ್ಯಾನ್ಲಿ ಕಪ್ಪಿಗಾಗಿ ವ್ಯಾಂಕೂವರ್‌ಗೆ ಹೋಗಿ ಮೂರೂ ಪಂದ್ಯಗಳಲ್ಲಿ ಸೋತು ಬಂತು. ಕೊನೆಯ ಪಂದ್ಯದಲ್ಲಿ ಬೆನೆಡಿಕ್ಟ್ 12 ಗೋಲು ಬಿಟ್ಟುಕೊಟ್ಟರು. ಮುಂದೆ ಅತ್ಯಂತ ಬಿಗಿಯಾದ ಗೋಲ್‌ಕೀಪರ್ ಎನಿಸಿಕೊಂಡವರ ಮೊದಲ ದೊಡ್ಡ ಪರೀಕ್ಷೆ ಹೀಗೆ ಮುಗಿಯಿತು.

ನೆಲಮಟ್ಟದ ಹೊಡೆತಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಬೇಕೆಂದು ಬಿದ್ದರೆ ದಂಡ, ಜಾರಿ ಬಿದ್ದರೆ ದಂಡವಿಲ್ಲ. ಮಂಜಿನ ಮೇಲೆ ಸ್ಕೇಟ್ ತೊಟ್ಟು ನಿಂತವನು ಜಾರುವುದರಲ್ಲಿ ಆಶ್ಚರ್ಯವೇನಿದೆ? ಪಕ್ ಕೆಳಗೆ ಬರುವ ಹೊತ್ತಿಗೆ ಸರಿಯಾಗಿ ಬೆನೆಡಿಕ್ಟ್ ಅವರ ಸಮತೋಲ ತಪ್ಪುತ್ತಿತ್ತು. ಅಪಘಾತದಂತೆ ಕಾಣಿಸಿದರೆ ಶಿಕ್ಷೆಯಿಂದ ಪಾರಾಗಬಹುದಾಗಿತ್ತು, ತಾನು ಅದರಲ್ಲಿ ಪಳಗಿದೆ, ಬೇಗನೆ ಉಳಿದವರೂ ಅದನ್ನೇ ಮಾಡತೊಡಗಿದರು ಎಂದು ಅವರೇ ಮುಂದೊಮ್ಮೆ ಒಪ್ಪಿಕೊಂಡಿದ್ದಾರೆ. ಮಂಡಿಯೂರಿದಾಗ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಿದ್ದೆ ಎಂಬ ನೆಪವನ್ನೂ ಅವರು ಒಡ್ಡುತ್ತಿದ್ದರಂತೆ. ಅವರಿಗೆ ‘ಪ್ರಾರ್ಥನೆಯ ಬೆನ್ನಿ’ ಎಂಬ ಅಡ್ಡಹೆಸರು ಬಿದ್ದದ್ದು ಹಾಗೆ. ಟೊರಾಂಟೊ ಪ್ರೇಕ್ಷಕರು ಇಷ್ಟು ಉದಾರಿಗಳಾಗಿರಲಿಲ್ಲ. ಬರುವಾಗ ಹಾಸಿಗೆಯನ್ನೂ ತಂದುಕೋ ಎಂದು ಅವರು ಕೂಗಿ ಹಂಗಿಸುತ್ತಿದ್ದರೆಂದು ಹೇಳುತ್ತಾರೆ.

ಇಲ್ಲಿ ರೆಫರಿಯ ಇಕ್ಕಟ್ಟನ್ನೂ ಗಮನಿಸಬೇಕು. ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಬೀಳುವ ಉದ್ದೇಶ ಕಾಣುವುದಿಲ್ಲ. ಉದ್ದೇಶವನ್ನು ಅಳೆಯಬೇಕಾದ ನಿಯಮವನ್ನು ಒಬ್ಬ ಆಟಗಾರ ಪ್ರತಿ ಪಂದ್ಯದಲ್ಲೂ ಹತ್ತಾರು ಬಾರಿ ಪರೀಕ್ಷೆಗೆ ಒಡ್ಡಿದರೆ, ಒಂದೋ ಪ್ರತಿ ಸಲ ಶಿಳ್ಳೆ ಹಾಕಿ ಆಟವನ್ನು ನಿಲ್ಲಿಸಬೇಕು, ಇಲ್ಲವೇ ನಿಯಮವನ್ನೇ ಕೈಬಿಡಬೇಕು. ಎರಡನೆಯದೇ ಆಯಿತು. 1917ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನ ವಿಂಡ್ಸರ್ ಹೋಟೆಲಿನಲ್ಲಿ ಹಳೆಯ ಸಂಸ್ಥೆಯ ಜಾಗದಲ್ಲಿ ನ್ಯಾಷನಲ್ ಹಾಕಿ ಲೀಗ್, ಅಂದರೆ ಇಂದಿನ ಎನ್‌ಎಚ್‌ಎಲ್ ಹುಟ್ಟಿತು. ಮೊದಲ ಪಂದ್ಯಗಳು ಡಿಸೆಂಬರ್ 19ರಂದು ನಡೆದವು. ಮೂರು ವಾರ ಕಳೆಯುತ್ತಿದ್ದಂತೆಯೇ, 1918ರ ಜನವರಿ 9ರಂದು, ಗೋಲ್‌ಕೀಪರ್ ಯಾವ ಭಂಗಿಯಲ್ಲಾದರೂ ಪಕ್ ತಡೆಯಬಹುದೆಂದು ಲೀಗ್ ತೀರ್ಮಾನಿಸಿತು. ಬೇಕಿದ್ದರೆ ಅವರು ತಲೆಕೆಳಗಾಗಿಯೂ ನಿಲ್ಲಲಿ ಎಂದು ಲೀಗಿನ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ ಹೇಳಿದರೆಂಬ ಮಾತು ಆಗಿನಿಂದ ಚಾಲ್ತಿಯಲ್ಲಿದೆ. ಆ ತಿದ್ದುಪಡಿಯಲ್ಲಿ ಬೆನೆಡಿಕ್ಟ್ ಅವರ ಹೆಸರಿಲ್ಲವಾದರೂ ಅದು ಯಾರಿಂದಾಗಿ ಬಂತು ಎಂಬ ಬಗ್ಗೆ ಆ ಕಾಲದವರಿಗೆ ಸಂದೇಹವಿರಲಿಲ್ಲ.

ನಿಯಮ ಸಡಿಲವಾದ ಮೇಲೆ ಅವರ ಆಟ ಹೇಗಾಯಿತೆಂಬುದನ್ನು ಅಂಕಿಗಳು ಹೇಳುತ್ತವೆ. ಗೋಲ್‌ಕೀಪರ್‌ನನ್ನು ಅಳೆಯಲು ಆ ಕಾಲದಲ್ಲಿ ಎರಡು ಲೆಕ್ಕಗಳಿದ್ದವು. ಒಂದು, ಪಂದ್ಯಕ್ಕೆ ಸರಾಸರಿ ಎಷ್ಟು ಗೋಲು ಬಿಟ್ಟುಕೊಟ್ಟ ಎಂಬುದು. ಇನ್ನೊಂದು, ಒಂದೂ ಗೋಲು ಬಿಟ್ಟುಕೊಡದ ಪಂದ್ಯಗಳು, ಅಂದರೆ ಶಟೌಟ್‌ಗಳು, ಎಷ್ಟು ಎಂಬುದು. 1918-19ರಿಂದ 1922-23ರವರೆಗಿನ ಐದೂ ಋತುಗಳಲ್ಲಿ ಲೀಗಿನ ಅತಿ ಕಡಿಮೆ ಸರಾಸರಿ ಬೆನೆಡಿಕ್ಟ್ ಅವರದು. 1919-20ರಲ್ಲಿ 24 ಪಂದ್ಯಗಳಲ್ಲಿ ಐದು ಶಟೌಟ್ ಅವರ ಪಾಲಿಗೆ ಬಂದವು. ಈ ಅಂಕಿಗಳನ್ನು ಅವರೊಬ್ಬರ ಖಾತೆಗೆ ಬರೆಯುವುದು ಸರಿಯಲ್ಲ. ಅವರ ಮುಂದೆ ನಿಂತು ರಕ್ಷಿಸುತ್ತಿದ್ದ ಒಟ್ಟಾವ ತಂಡ ಆ ದಶಕದ ಅತ್ಯುತ್ತಮ ತಂಡವಾಗಿದ್ದು, 1920, 1921 ಮತ್ತು 1923ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತ್ತು. ಆದರೂ ಅದೇ ಕಾಲದ ಇನ್ನೊಬ್ಬ ಮಹಾನ್ ಗೋಲ್‌ಕೀಪರ್, ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಜಾರ್ಜ್ ವೆಜಿನಾ, ಕೊನೆಯವರೆಗೂ ನಿಂತೇ ಆಡುವ ಹಳೆಯ ಶೈಲಿಯವರಾಗಿದ್ದರು ಎಂಬುದನ್ನು ನೆನೆದರೆ ಇಬ್ಬರ ನಡುವಿನ ಅಂತರ ಬರೀ ತಂಡಗಳದ್ದಲ್ಲ ಎನಿಸುತ್ತದೆ.

1923ರ ಗೆಲುವಿನ ಕೊನೆಯ ಪಂದ್ಯದಲ್ಲಿ ನಡೆದ ಒಂದು ಘಟನೆ ಆಗಿನ ಗೋಲ್‌ಕೀಪರ್‌ನ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಇಂದು ಗೋಲ್‌ಕೀಪರ್ ತಪ್ಪು ಮಾಡಿದರೆ ಅವನ ಪರವಾಗಿ ಬೇರೊಬ್ಬ ಆಟಗಾರ ಶಿಕ್ಷೆಯ ಅವಧಿ ಮುಗಿಯುವ ತನಕ ಅಂಗಣದ ಹೊರಗೆ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂರುತ್ತಾನೆ. ಆಗ ಗೋಲ್‌ಕೀಪರ್‌ನೇ ಗೋಲು ಬಿಟ್ಟು ಹೋಗಿ ಕೂರಬೇಕಿತ್ತು, ಬದಲಿ ಗೋಲ್‌ಕೀಪರ್ ಎಂಬುವನೂ ಇರಲಿಲ್ಲ. ಮಾರ್ಚ್ 31ರಂದು ವ್ಯಾಂಕೂವರ್‌ನಲ್ಲಿ ಎಡ್ಮಂಟನ್ ತಂಡದ ವಿರುದ್ಧ ಆಡುತ್ತಿದ್ದಾಗ ಎದುರಾಳಿಗೆ ಸ್ಟಿಕ್ಕಿನಿಂದ ಹೊಡೆದುದಕ್ಕೆ ಬೆನೆಡಿಕ್ಟ್ ಅವರಿಗೆ ಎರಡು ನಿಮಿಷದ ಶಿಕ್ಷೆಯಾಯಿತು. ಅವರು ಹೊರಡುವಾಗ ತಂಡದ ಕಿರಿಯ ಆಟಗಾರ ಕಿಂಗ್ ಕ್ಲಾನ್ಸಿ ಅವರ ಕೈಗೆ ತಮ್ಮ ಸ್ಟಿಕ್ಕನ್ನು ಕೊಟ್ಟು, ತಾವು ಬರುವ ತನಕ ಜಾಗ ನೋಡಿಕೋ ಎಂದು ಹೇಳಿ ಹೋದರು. ಆ ಪಂದ್ಯದಲ್ಲಿ ಉಳಿದ ಐದು ಸ್ಥಾನಗಳಲ್ಲೂ ಆಗಲೇ ಆಡಿ ಮುಗಿಸಿದ್ದ ಕ್ಲಾನ್ಸಿ ಆರನೆಯ ಸ್ಥಾನದಲ್ಲಿ ಎರಡು ನಿಮಿಷ ನಿಂತರು, ಗೋಲು ಬೀಳಲಿಲ್ಲ, ಒಟ್ಟಾವ 1-0ಯಿಂದ ಗೆದ್ದಿತು. ಬೆನೆಡಿಕ್ಟ್ ಬರೀ ಪ್ರಾರ್ಥನೆಯ ಮನುಷ್ಯರಾಗಿರಲಿಲ್ಲ ಎಂಬುದಕ್ಕೂ ಈ ಪೆನಾಲ್ಟಿ ಸಾಕ್ಷಿ.

ಒಟ್ಟಾವದೊಂದಿಗಿನ ಸಂಬಂಧ ಕಹಿಯಾಗಿ ಮುಗಿಯಿತು. 1923-24ರ ಋತುವಿನಲ್ಲಿ ಅವರ ಕುಡಿತದ ಬಗ್ಗೆ ತಂಡ ಆಕ್ಷೇಪಿಸಿತು, ಸಂಬಳದ ಬಾಕಿಯ ವಿಚಾರ ನ್ಯಾಯಾಲಯದ ಮೆಟ್ಟಿಲೇರಿ ಆಮೇಲೆ ರಾಜಿಯಾಯಿತು. ಅವರನ್ನೂ ಅವರ ಜೊತೆ ಹ್ಯಾರಿ ಬ್ರಾಡ್‌ಬೆಂಟ್ ಎಂಬ ಮುನ್ಪಡೆ ಆಟಗಾರರನ್ನೂ ಒಟ್ಟಾವ 1924ರಲ್ಲಿ ಹೊಸದಾಗಿ ಹುಟ್ಟಿದ ಮಾಂಟ್ರಿಯಲ್ ಮರೂನ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು.

ಮರೂನ್ಸ್ ತನ್ನ ಎರಡನೆಯ ಋತುವಿನಲ್ಲಿಯೇ ಸ್ಟ್ಯಾನ್ಲಿ ಕಪ್ ಗೆದ್ದಿತು. 1926ರ ಆ ಅಂತಿಮ ಸರಣಿಯಲ್ಲಿ ಎದುರಾಳಿ ಪಶ್ಚಿಮ ಕರಾವಳಿಯ ವಿಕ್ಟೋರಿಯಾ ಕೂಗರ್ಸ್. ನಾಲ್ಕು ಪಂದ್ಯಗಳ ಪೈಕಿ ಮರೂನ್ಸ್ ಗೆದ್ದ ಮೂರರಲ್ಲೂ ಬೆನೆಡಿಕ್ಟ್ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಅವರ ಕೈ ಸೇರಿದ ನಾಲ್ಕನೆಯ ಕಪ್ ಅದು. ಮರುವರ್ಷ ಅವರ ಸರಾಸರಿ ಪಂದ್ಯಕ್ಕೆ 1.42ಕ್ಕೆ ಇಳಿಯಿತು, 13 ಶಟೌಟ್ ಬಂದವು. ಕ್ಷಯದಿಂದ ತೀರಿಕೊಂಡ ವೆಜಿನಾ ಅವರ ಹೆಸರಿನಲ್ಲಿ ಗೋಲ್‌ಕೀಪರ್‌ಗಳಿಗೆಂದು ಪ್ರಶಸ್ತಿ ಆರಂಭವಾದದ್ದು ಅದೇ ವರ್ಷ, ಆದರೆ ಅದು ಕೆನೇಡಿಯನ್ಸ್ ತಂಡದಲ್ಲಿ ವೆಜಿನಾ ಅವರ ಜಾಗಕ್ಕೆ ಬಂದಿದ್ದ ಜಾರ್ಜ್ ಹೇನ್ಸ್‌ವರ್ತ್ ಅವರಿಗೆ ಹೋಯಿತು. ಬೆನೆಡಿಕ್ಟ್ ಅವರಿಗೆ ಆ ಪ್ರಶಸ್ತಿ ಎಂದೂ ಬರಲಿಲ್ಲ; ಅವರ ಉತ್ತಮ ವರ್ಷಗಳಲ್ಲಿ ಹೆಚ್ಚಿನವು ಪ್ರಶಸ್ತಿ ಹುಟ್ಟುವ ಮೊದಲೇ ಕಳೆದಿದ್ದವು. ಅವರು ಮರೆಯಾಗಲು ಇದೂ ಒಂದು ಕಾರಣವೆಂದು ನನ್ನ ಎಣಿಕೆ.

1928ರ ಅಂತಿಮ ಸರಣಿಯಲ್ಲಿಯೂ ಹೀಗೆಯೇ ಆಯಿತು. ಏಪ್ರಿಲ್ 7ರಂದು ನ್ಯೂಯಾರ್ಕ್ ರೇಂಜರ್ಸ್ ತಂಡದ ಗೋಲ್‌ಕೀಪರ್ ಲೋರ್ನ್ ಶಾಬೊ ಅವರ ಕಣ್ಣಿಗೆ ಪಕ್ ಬಡಿಯಿತು. ಪ್ರೇಕ್ಷಕರ ನಡುವೆ ಕುಳಿತಿದ್ದ ಒಟ್ಟಾವದ ಅಲೆಕ್ ಕಾನೆಲ್ ಅವರನ್ನು ಬಳಸಿಕೊಳ್ಳಲು ಮರೂನ್ಸ್ ಒಪ್ಪಲಿಲ್ಲ. ಕೊನೆಗೆ ರೇಂಜರ್ಸ್‌ನ 44 ವರ್ಷದ ತರಬೇತುದಾರ ಲೆಸ್ಟರ್ ಪ್ಯಾಟ್ರಿಕ್ ತಾವೇ ಪ್ಯಾಡು ಕಟ್ಟಿ ನಿಂತರು, ರೇಂಜರ್ಸ್ ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಗೆದ್ದಿತು, ಆ ಕಥೆ ಐಸ್ ಹಾಕಿಯ ಪುರಾಣದಲ್ಲಿ ಸೇರಿತು. ಅಂಗಣದ ಇನ್ನೊಂದು ತುದಿಯಲ್ಲಿ ಗೋಲು ಕಾಯುತ್ತಿದ್ದವರು ಬೆನೆಡಿಕ್ಟ್.

ಇಲ್ಲಿಂದ ಮುಂದಿನದನ್ನು ಅರಿಯಲು ಇನ್ನೊಂದು ನಿಯಮ ಬದಲಾವಣೆಯ ಕಡೆ ನೋಡಬೇಕು. 1920ರ ದಶಕದ ಕೊನೆಯ ಹೊತ್ತಿಗೆ ಗೋಲು ಹೊಡೆಯುವುದೇ ದುಸ್ತರವಾಗಿತ್ತು. 1928-29ರಲ್ಲಿ ಹೇನ್ಸ್‌ವರ್ತ್ ಒಬ್ಬರೇ 22 ಶಟೌಟ್ ಮಾಡಿದರು. ಇದಕ್ಕೆ ಮುಖ್ಯ ಕಾರಣ ಎದುರಾಳಿಯ ವಲಯದಲ್ಲಿ ಪಕ್ಕನ್ನು ಮುಂದಕ್ಕೆ ಪಾಸ್ ಮಾಡುವುದಕ್ಕಿದ್ದ ನಿರ್ಬಂಧ. ಪ್ರೇಕ್ಷಕರು ಬೇಸರಗೊಂಡಾರೆಂದು ಲೀಗ್ 1929-30ರಲ್ಲಿ ಅಂಗಣದ ಎಲ್ಲ ವಲಯಗಳಲ್ಲೂ ಮುಂದಕ್ಕೆ ಪಾಸ್ ಮಾಡಲು ಅನುಮತಿ ಕೊಟ್ಟಿತು. ಮೊದಮೊದಲು ಆಟಗಾರರು ಗೋಲಿನ ಮುಂದೆಯೇ ಗುಂಪುಗೂಡಿ ಪಾಸಿಗಾಗಿ ಕಾಯತೊಡಗಿದ್ದರಿಂದ ಡಿಸೆಂಬರಿನಲ್ಲಿ ಆಫ್‌ಸೈಡ್ ನಿಯಮವನ್ನು (ಪಕ್ಕಿಗಿಂತ ಮೊದಲು ಎದುರಾಳಿಯ ವಲಯವನ್ನು ಹೊಗಬಾರದೆಂಬುದನ್ನು) ತಂದು ಇದನ್ನು ಹತೋಟಿಗೆ ತರಬೇಕಾಯಿತು. ಆ ಒಂದು ಋತುವಿನಲ್ಲಿ ಗೋಲುಗಳ ಪ್ರಮಾಣ ಹಿಂದಿನದರ ಎರಡು ಪಟ್ಟಾಯಿತು. ಗೋಲ್‌ಕೀಪರ್ ದೃಷ್ಟಿಯಿಂದ ಹೇಳುವುದಾದರೆ, ಹೆಚ್ಚು ಹೊಡೆತಗಳು, ಹೆಚ್ಚು ಹತ್ತಿರದಿಂದ, ತನ್ನ ನೋಟಕ್ಕೆ ಅಡ್ಡ ನಿಂತ ಹೆಚ್ಚು ಜನರ ನಡುವಿನಿಂದ ಬರತೊಡಗಿದವು. ಬೀಳುವ ಸ್ವಾತಂತ್ರ್ಯ ಸಿಕ್ಕಿ ಹನ್ನೆರಡು ವರ್ಷವಾಗಿದ್ದರಿಂದ ಗೋಲ್‌ಕೀಪರ್‌ಗಳ ಮುಖ ಪಕ್ಕಿನ ಮತ್ತು ಸ್ಕೇಟಿನ ಮಟ್ಟಕ್ಕೆ ಇಳಿಯುವುದು ರೂಢಿಯಾಗಿತ್ತು. ಆ ಮುಖದ ಮೇಲೆ ರಕ್ಷಣೆ ಮಾತ್ರ ಏನೂ ಇರಲಿಲ್ಲ.

1930ರ ಜನವರಿ 7ರಂದು ಕೆನೇಡಿಯನ್ಸ್ ವಿರುದ್ಧದ ಪಂದ್ಯದಲ್ಲಿ, ಆ ಕಾಲದ ಅತಿ ವೇಗದ ಆಟಗಾರ ಹೌವೀ ಮೊರೆಂಜ್ ಹೊಡೆದ ಪಕ್ ಬೆನೆಡಿಕ್ಟ್ ಅವರ ಮುಖಕ್ಕೆ ಬಡಿದು ಮೂಗು ಮತ್ತು ಕೆನ್ನೆಯ ಮೂಳೆ ಮುರಿಯಿತು. ಪಕ್ಕನ್ನು ತಾನು ಕಂಡದ್ದು ಕೊನೆಯ ಕ್ಷಣದಲ್ಲಿ, ಎಚ್ಚರವಾದದ್ದು ಆಸ್ಪತ್ರೆಯಲ್ಲಿ ಎಂದು ಅವರು ನೆನಪಿಸಿಕೊಂಡಿದ್ದಾರೆ. ಆಗ ಅವರಿಗೆ 37 ವರ್ಷ. ಸುಮಾರು ಆರು ವಾರಗಳ ಬಳಿಕ, ಫೆಬ್ರವರಿ 20ರಂದು ನ್ಯೂಯಾರ್ಕ್ ಅಮೆರಿಕನ್ಸ್ ವಿರುದ್ಧ ಅವರು ಅಂಗಣಕ್ಕೆ ಮರಳಿದಾಗ ಮುಖದ ಮೇಲೆ ಚರ್ಮದ ಮಾಸ್ಕ್ ಇತ್ತು. ಹಣೆ, ಕೆನ್ನೆ, ಬಾಯಿಯ ಸುತ್ತ ಪಟ್ಟಿಗಳಿದ್ದು, ಮುರಿದ ಮೂಗನ್ನು ಮುಚ್ಚಲು ಮುಂದಕ್ಕೆ ಚಾಚಿಕೊಂಡ ದಪ್ಪ ಭಾಗವೊಂದು ನಡುವೆ ಇತ್ತು.

ಈ ಮೂಗಿನ ಭಾಗವೇ ಕೆಲಸ ಕೆಡಿಸಿತು. ಅದು ಕಣ್ಣುಗಳ ಕೆಳಗೆ ಚಾಚಿಕೊಂಡಿದ್ದರಿಂದ ತನ್ನ ಕಾಲಬುಡಕ್ಕೆ ಬರುವ ಪಕ್ ಕಾಣುತ್ತಿರಲಿಲ್ಲ. ಅಂದರೆ ನೆಲಮಟ್ಟದ ಹೊಡೆತವನ್ನು ತಡೆಯುವುದರಲ್ಲಿ ಹೆಸರು ಮಾಡಿದವರಿಗೆ ನೆಲಮಟ್ಟದ ಹೊಡೆತವೇ ಕುರುಡಾಯಿತು. ತಂತಿಯ ಬಲೆಯಂಥ ಇನ್ನೊಂದು ಮಾಸ್ಕನ್ನೂ ಅವರು ಪರೀಕ್ಷಿಸಿದರು, ಆದರೆ ತಂತಿಗಳು ದೃಷ್ಟಿಯನ್ನು ಸೆಳೆದು ಗಮನ ಕೆಡಿಸುತ್ತವೆಂದು ಬಿಟ್ಟರು. ಚರ್ಮಕ್ಕೆ ಇನ್ನೊಂದು ದೋಷವೂ ಇತ್ತು. ಮೆತ್ತಗಿನ ಚರ್ಮ ಪೆಟ್ಟನ್ನು ಸ್ವಲ್ಪ ತಗ್ಗಿಸೀತೇ ಹೊರತು ಮುಖದಿಂದ ದೂರ ನಿಲ್ಲಿಸಲಾರದು. ಪೆಟ್ಟನ್ನು ಹರಡಿ ತಾಳುವಷ್ಟು ಗಟ್ಟಿಯೂ, ತಲೆಗೆ ಭಾರವಾಗದಷ್ಟು ಹಗುರವೂ, ಮುಖದ ಅಚ್ಚಿಗೆ ಹೊಂದುವಂಥದೂ ಆದ ವಸ್ತು ಆಗ ಇರಲಿಲ್ಲ. ಒಟ್ಟು ಐದು ಪಂದ್ಯಗಳಲ್ಲಿ ಮಾಸ್ಕ್ ಧರಿಸಿದ ಬಳಿಕ ಮಾರ್ಚಿನಲ್ಲಿ ಬೆನೆಡಿಕ್ಟ್ ಮತ್ತೆ ಗಾಯಗೊಂಡರು. ಎನ್‌ಎಚ್‌ಎಲ್‌ನಲ್ಲಿ ಅದೇ ಅವರ ಕೊನೆಯ ಋತುವಾಯಿತು. ಮುಂದಿನ ಋತುವನ್ನು ವಿಂಡ್ಸರ್ ಬುಲ್‌ಡಾಗ್ಸ್ ಎಂಬ ಕೆಳಗಿನ ಲೀಗಿನ ತಂಡದಲ್ಲಿ ಆಡಿ ಅವರು ಆಟಕ್ಕೆ ವಿದಾಯ ಹೇಳಿದರು.

ಮಾಸ್ಕ್ ಧರಿಸಿದವರಲ್ಲಿ ಬೆನೆಡಿಕ್ಟ್ ಇಡೀ ಲೋಕಕ್ಕೆ ಮೊದಲಿಗರೇನಲ್ಲ. 1927ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಎಲಿಜಬೆತ್ ಗ್ರಹಾಂ ಕತ್ತಿವರಸೆಯವರ ಮಾಸ್ಕ್ ಹಾಕಿಕೊಂಡು ಮಹಿಳೆಯರ ಪಂದ್ಯದಲ್ಲಿ ಗೋಲು ಕಾಯ್ದಿದ್ದರು. 1936ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಪಾನಿನ ತೇಜಿ ಹೊನ್ಮಾ ಮಾಸ್ಕ್ ಧರಿಸಿಯೇ ಆಡಿದರು. ಎನ್‌ಎಚ್‌ಎಲ್‌ನಲ್ಲಿ ಮಾತ್ರ ಬೆನೆಡಿಕ್ಟ್ ಅವರ ಬಳಿಕ 29 ವರ್ಷಗಳ ತನಕ ಅದು ಬೇರೂರಲಿಲ್ಲ. ಇದಕ್ಕೆ ವಸ್ತುವಿನ ಕೊರತೆಯೊಂದೇ ಕಾರಣವಲ್ಲ. ಮುಖ ಮುಚ್ಚಿಕೊಂಡವನು ಹೆದರಿದವನು ಎಂಬ ಭಾವನೆ ತರಬೇತುದಾರರಲ್ಲಿ ಗಟ್ಟಿಯಾಗಿತ್ತು. ಲೀಗಿನಲ್ಲಿ ಆರೇ ತಂಡಗಳು ಉಳಿದು, ಒಂದೊಂದಕ್ಕೆ ಒಬ್ಬೊಬ್ಬನೇ ಗೋಲ್‌ಕೀಪರ್ ಸಾಕಾಗಿದ್ದ ಆ ದಿನಗಳಲ್ಲಿ, ಹೆದರಿದ್ದಾನೆಂಬ ಸಂಶಯ ಬಂದರೂ ಕೆಲಸ ಹೋಗುವ ಭಯವಿತ್ತು. ಪ್ರತಿ ತಂಡ ಇಬ್ಬರು ಗೋಲ್‌ಕೀಪರ್‌ಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂಬ ನಿಯಮ ಬಂದದ್ದು 1960ರ ದಶಕದ ನಡುವಿನಲ್ಲಿ.

1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಜಾಕ್ ಪ್ಲಾಂಟ್ ಅವರ ಮುಖ ಸೀಳಿದಾಗ ಪ್ಲಾಂಟ್ ಹೊಲಿಗೆ ಹಾಕಿಸಿಕೊಂಡು, ಮಾಸ್ಕ್ ಇಲ್ಲದೆ ಆಡುವುದಿಲ್ಲವೆಂದು ಹಟ ಹಿಡಿದರು. ಬದಲಿ ಗೋಲ್‌ಕೀಪರ್ ಇಲ್ಲದ ಕಾರಣ ತರಬೇತುದಾರ ಟೋ ಬ್ಲೇಕ್ ಮಣಿಯಲೇಬೇಕಾಯಿತು. ಬೆನೆಡಿಕ್ಟ್ ಅವರಿಗೆ ಇಲ್ಲದ ಮೂರು ಅನುಕೂಲಗಳು ಪ್ಲಾಂಟ್ ಅವರಿಗಿದ್ದವು ಎಂಬುದನ್ನು ಮರೆಯಬಾರದು: ಮುಖದ ಅಚ್ಚು ತೆಗೆದು ಮಾಡಿದ ಫೈಬರ್‌ಗ್ಲಾಸ್ ಮಾಸ್ಕ್ ಅವರ ಬಳಿ ಇತ್ತು, ಅಭ್ಯಾಸದಲ್ಲಿ ಮಾಸ್ಕ್ ಧರಿಸಿ ಆಡಿ ಅವರು ಆಗಲೇ ರೂಢಿಸಿಕೊಂಡಿದ್ದರು, ಮೇಲಾಗಿ ಅವರು ಸತತವಾಗಿ ಕಪ್ ಗೆಲ್ಲುತ್ತಿದ್ದ ತಂಡದ ಅಗ್ರ ಗೋಲ್‌ಕೀಪರ್ ಆಗಿದ್ದರು. ಮಾಸ್ಕ್ ಹಾಕಿದ ಮೇಲೂ ಅವರ ತಂಡ ಗೆಲ್ಲುತ್ತಲೇ ಹೋದದ್ದರಿಂದ ವಾದ ಅಲ್ಲಿಗೆ ಮುಗಿಯಿತು. ಬೆನೆಡಿಕ್ಟ್ ಮಾಸ್ಕ್ ಧರಿಸಿದ್ದು ವೃತ್ತಿಜೀವನದ ತುದಿಯಲ್ಲಿ, ಮುರಿದ ಮೂಳೆಯ ಮೇಲಿನ ಕಟ್ಟಿನಂತೆ; ಮಾಸ್ಕ್ ಒಂದು ಸಲಕರಣೆಯಾಗಬಹುದೆಂದು ಯಾರೂ ಅದನ್ನು ನೋಡಿ ಕಲಿಯಲಿಲ್ಲ.

ಅವರ ಎರಡು ಪ್ರಯತ್ನಗಳಲ್ಲಿ ಒಂದು ನಾಲ್ಕೈದು ವರ್ಷದೊಳಗೆ ಎಲ್ಲರ ಆಟವಾಗಿ, ಇನ್ನೊಂದು ಮೂರು ದಶಕ ಕಾಯಬೇಕಾದದ್ದು ಇದರಿಂದಲೇ ಎಂದು ತೋರುತ್ತದೆ. ಬೀಳಲು ಏನೂ ಬೇಕಾಗಿರಲಿಲ್ಲ, ನೋಡಿದವನು ಮರುದಿನವೇ ಮಾಡಬಹುದಿತ್ತು. ಮಾಸ್ಕಿಗೆ ತಯಾರಕ ಬೇಕು, ವಸ್ತು ಬೇಕು, ಒಪ್ಪುವ ತರಬೇತುದಾರ ಬೇಕು.

362 ಎನ್‌ಎಚ್‌ಎಲ್ ಪಂದ್ಯಗಳು, 57 ಶಟೌಟ್‌ಗಳು ಮತ್ತು ನಾಲ್ಕು ಸ್ಟ್ಯಾನ್ಲಿ ಕಪ್‌ಗಳ ಈ ಆಟಗಾರನನ್ನು ಹಾಕಿ ಹಾಲ್ ಆಫ್ ಫೇಮ್ ಸೇರಿಸಿಕೊಂಡದ್ದು 1965ರಲ್ಲಿ, ಅವರ 72ನೆಯ ವಯಸ್ಸಿನಲ್ಲಿ. ವೆಜಿನಾ ಅವರ ಹೆಸರು 1945ರಷ್ಟು ಹಿಂದೆಯೇ ಅಲ್ಲಿ ಸೇರಿತ್ತು. ಬೆನೆಡಿಕ್ಟ್ 1976ರ ನವೆಂಬರ್‌ನಲ್ಲಿ ಒಟ್ಟಾವದಲ್ಲಿ ತೀರಿಕೊಂಡರು. ಮಾಸ್ಕ್ ಇಲ್ಲದೆ ಆಡಿದ ಕೊನೆಯ ವೃತ್ತಿಪರ ಗೋಲ್‌ಕೀಪರ್‌ ಆ್ಯಂಡಿ ಬ್ರೌನ್ ಇಂಡಿಯಾನಾಪೊಲಿಸ್ ತಂಡಕ್ಕಾಗಿ ಬರಿಮುಖದಲ್ಲಿ ಕೊನೆಯ ಪಂದ್ಯಗಳನ್ನು ಆಡಿದ್ದೂ ಅದೇ ಋತುವಿನಲ್ಲಿ.